‘ಉರಿಯೂತದ ಪ್ರೋಟೀನ್’: ಈ ‘ದ’ ಏನು ಹೇಳುತ್ತದೆ?

ಗೆಳೆಯರೇ,

ಸ್ತನ ಕ್ಯಾನ್ಸರ್ ಮೈಯಲ್ಲಿ ಹರಡಲು ಉರಿಯೂತ ಹೇಗೆ ಕುಮ್ಮಕ್ಕು ಕೊಡುತ್ತದೆ ಎಂಬ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಉರಿಯೂತದ ಪ್ರೋಟೀನ್’ ಎಂದು ಬರೆದ ಕೂಡಲೇ ಅನುಮಾನ ಬಂತು. ಉರಿಯೂತ ತರುವ ಪ್ರೋಟೀನೋ, ಉರಿಯೂತ ಆದಾಗ ಹುಟ್ಟುವ ಪ್ರೋಟೀನೋ?

ಎರಡೂ ಇವೆ, ತೊಂದರೆ ಅದೇ. ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಪ್ರೋಟೀನುಗಳು ಉರಿಯೂತವನ್ನು ಕೆರಳಿಸುತ್ತವೆ. ಸಿ-ರಿಯಾಕ್ಟಿವ್ ಪ್ರೋಟೀನ್ ಆಮೇಲೆ ಲಿವರ್‌ನಲ್ಲಿ ತಯಾರಾಗುತ್ತದೆ. ರಕ್ತಪರೀಕ್ಷೆಯಲ್ಲಿ ಅದು ಜಾಸ್ತಿ ಕಂಡರೆ ಎಲ್ಲೋ ಉರಿಯೂತ ಇದೆ ಎಂದು ಗುರುತು. ಹಾಗಾಗಿ ಮೊದಲಿನವಕ್ಕೆ ‘ಉರಿಯೂತಕಾರಿ’, ಇದಕ್ಕೆ ‘ಉರಿಯೂತ ಸೂಚಕ’ ಎನ್ನಬಹುದು.

ಆದರೆ ಸಿಸಿಎಲ್2 ಎಂಬ ಪ್ರೋಟೀನ್ ಎಲ್ಲಿ ಸೇರಬೇಕು? ಅದರ ಮುಖ್ಯ ಕೆಲಸ ಕರೆಯುವುದು. ರಕ್ತದಲ್ಲಿರುವ ಮಾನೊಸೈಟ್ ಎಂಬ ಬಿಳಿ ರಕ್ತಕಣಗಳನ್ನು ಗಡ್ಡೆಯ ಕಡೆಗೆ ಎಳೆಯುತ್ತದೆ. ಅವು ಅಲ್ಲಿ ರೋಗಾಣು, ಸತ್ತ ಕೋಶಗಳನ್ನು ನುಂಗುವ ಮ್ಯಾಕ್ರೊಫೇಜ್‌ಗಳಾಗಿ, ಕ್ಯಾನ್ಸರ್ ಕೋಶಗಳು ರಕ್ತನಾಳದೊಳಕ್ಕೆ ನುಸುಳಲು ದಾರಿ ಮಾಡಿಕೊಡುತ್ತವೆ. (ಇದರಲ್ಲಿ ಬಹುಪಾಲು ಇಲಿಗಳಲ್ಲಿ ಕಂಡದ್ದು. ಲೇಖನದಲ್ಲೂ ಹಾಗೇ ಹೇಳುತ್ತೇನೆ.) ಸುಮ್ನೆ ‘ಉರಿಯೂತಕಾರಿ’ ಎಂದುಬಿಟ್ಟರೆ ಈ ಕರೆಯುವ ಕೆಲಸ ಓದುಗರಿಗೆ ಕಾಣುವುದೇ ಇಲ್ಲ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಉರಿಯೂತ ಎಂದರೆ ಉರಿ ಮತ್ತು ಊತ. ಕೆಂಪು, ಊತ, ಬಿಸಿ, ನೋವು ಎಂದು ರೋಮಿನ ವೈದ್ಯಗ್ರಂಥಕಾರ ಸೆಲ್ಸಸ್ ಸುಮಾರು 2000 ವರ್ಷಗಳ ಹಿಂದೆ ಹೇಳಿದ ಲಕ್ಷಣಗಳಿಗೆ ಪದ ಚೆನ್ನಾಗಿ ಹೊಂದುತ್ತದೆ. ಗಡ್ಡೆಯೊಳಗಿನ ಉರಿಯೂತದಲ್ಲಿ ಹೊರಗೆ ಇವು ಯಾವುವೂ ಕಾಣದೇ ಇರಬಹುದು. ಅತ್ತ, ‘ಉರಿಯೂತದ ಸ್ತನ ಕ್ಯಾನ್ಸರ್’ ಎಂಬ ಬೇರೆಯೇ ಒಂದು ಕಾಯಿಲೆ ಇದೆ. ಅಪರೂಪದ್ದು, ಬೇಗ ಹರಡುವಂಥದ್ದು. ಅದರಲ್ಲಿ ಸ್ತನ ಕೆಂಪಾಗಿ ಊದಿಕೊಳ್ಳುತ್ತದೆ. ಸೋಂಕು ಎಂದುಕೊಂಡು ಮೊದಲು ಆಂಟಿಬಯೋಟಿಕ್ ಕೊಡುವುದೂ ಉಂಟು. ಆದರೆ ಆ ಕೆಂಪಿಗೆ ಮುಖ್ಯ ಕಾರಣ, ಕ್ಯಾನ್ಸರ್ ಕೋಶಗಳು ಚರ್ಮದ ದುಗ್ಧರಸ (ಲಿಂಫ್) ನಾಳಗಳನ್ನು ಮುಚ್ಚಿಬಿಡುವುದು. ಹೆಸರು ಬಂದದ್ದು ನೋಟದಿಂದ. ನನ್ನ ತಲೆಬರಹದಲ್ಲಿ ‘ಉರಿಯೂತ’, ‘ಸ್ತನ ಕ್ಯಾನ್ಸರ್’ ಅಕ್ಕಪಕ್ಕ ಬಂದರೆ ಓದುಗರು ಇದೇ ಕಾಯಿಲೆ ಎಂದುಕೊಳ್ಳುತ್ತಾರೆ, ಅಲ್ವಾ?

ಕ್ಯಾನ್ಸರ್ ಬೇರೆ ಅಂಗಗಳಿಗೆ ಹೋಗುವುದಕ್ಕೆ (ಮೆಟಾಸ್ಟಾಸಿಸ್) ಬಳಸುವ ‘ಸ್ಥಾನಾಂತರ’ವನ್ನು ಕೈಬಿಟ್ಟಿದ್ದೇನೆ. ಗಡ್ಡೆ ಜಾಗ ಖಾಲಿ ಮಾಡಿ ಹೋದಂತೆ ಕೇಳಿಸುತ್ತದೆ. ಪಕ್ಕದ ಅಂಗಾಂಶಕ್ಕೆ ಹೋದರೆ ‘ಹಬ್ಬು’, ಮೂಳೆ, ಶ್ವಾಸಕೋಶ, ಲಿವರ್, ಮಿದುಳಿನಂಥ ದೂರದ ಜಾಗಕ್ಕೆ ಹೋದರೆ ‘ಹರಡು’ ಎಂದು ಬಳಸುತ್ತಿದ್ದೇನೆ.

ಸಿಸಿಎಲ್2 ಥರದವಕ್ಕೆ ‘ಕರೆ ಪ್ರೋಟೀನ್’ ನಡೆಯುತ್ತದೆಯೇ? ವೈದ್ಯರು ಯಾರಾದರೂ ರೋಗಿಗಳ ಜೊತೆ ಮಾತಾಡುವಾಗ ಏನನ್ನುತ್ತೀರಿ, ತಿಳಿಸಿ.