ಹುಲ್ಲು ಹೊಡೆಯುವಾಗ ಕಲ್ಲು ಹಾರಿ ಕಾರಿನ ಗ್ಲಾಸ್ ಪುಡಿಯಾಯಿತು, ಎಷ್ಟು ಖರ್ಚು ಬರಬಹುದು?

ಪ್ರಶ್ನೆ: ಬದಿಯಡ್ಕ ಹತ್ತಿರದ ಅಡಿಕೆ ಕೃಷಿಕರು

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಕಾರಿನ ಗ್ಲಾಸ್ ಕೆಲಸ ಮಾಡುವವರು ಇದ್ದೀರಿ ಅಂತ ಗೊತ್ತು, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಿನ್ನೆ ತೋಟದ ಬದಿಯಲ್ಲಿ ಮಿಷನ್ನಿನಿಂದ ಹುಲ್ಲು ಹೊಡೆಸುತ್ತಿದ್ದೆ. ಕಾರು ಅಂಗಳದ ಮೂಲೆಯಲ್ಲಿತ್ತು. ಮುರಕಲ್ಲಿನ ಒಂದು ಸಣ್ಣ ಚೂರು ಹಾರಿ ಹಿಂದಿನ ಎಡಬಾಗಿಲಿನ ಗ್ಲಾಸಿಗೆ ಬಡಿಯಿತು. ಬಿರುಕು ಬಿಟ್ಟದ್ದಲ್ಲ, ಇಡೀ ಗ್ಲಾಸ್ ಕಲ್ಲುಸಕ್ಕರೆಯ ಹಾಗೆ ಪುಡಿಯಾಗಿ ಸೀಟಿನ ಮೇಲೆ ಬಿತ್ತು. ಕಡಲೆಕಾಳಿನಷ್ಟು ಕಲ್ಲಿಗೆ ಹೀಗಾಗುತ್ತದಾ?

ಕಾರು 2019ರ ಸಣ್ಣ ಹ್ಯಾಚ್‌ಬ್ಯಾಕ್. ಮೂರು ಕಡೆ ವಿಚಾರಿಸಿದೆ. ಕಂಪನಿಯ ವರ್ಕ್‌ಶಾಪಿನಲ್ಲಿ 5,800 ಹೇಳಿದರು. ಅದರಲ್ಲಿ ಗ್ಲಾಸ್ 2,150, ಹೊರಗಿನ ಬೀಡಿಂಗ್ (ಗ್ಲಾಸಿನ ಬುಡದ ಪಟ್ಟಿ) 650, ಚಾನೆಲ್ ರಬ್ಬರ್ (ಗ್ಲಾಸ್ ಜಾರುವ ತೋಡಿನದು) 900, ಕ್ಲಿಪ್ 200, ಕೂಲಿ 1,100, ಒಳಗೆ ಕ್ಲೀನ್ ಮಾಡಲು 800. ಕುಂಬಳೆಯಲ್ಲಿ ಒಬ್ಬರು ಎಲ್ಲ ಸೇರಿ 2,400 ಅಂದರು. ಗುಜರಿಯಲ್ಲಿ ಹಳೆ ಗ್ಲಾಸ್ 900ಕ್ಕೆ ಇದೆಯಂತೆ. ಇಷ್ಟು ವ್ಯತ್ಯಾಸ ಯಾಕೆ?

ಇನ್ಶೂರೆನ್ಸ್ ಫುಲ್ ಇದೆ, ಮೂರು ವರ್ಷದಿಂದ ಕ್ಲೇಮ್ ಮಾಡಿಲ್ಲ. ಈಗ 35% ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ರಿಯಾಯಿತಿ, ಸಿಗುತ್ತಿದೆ. ರಿಯಾಯಿತಿಗೆ ಮೊದಲು ಸ್ವಂತ ಡ್ಯಾಮೇಜಿನ ಪ್ರೀಮಿಯಂ 6,000 ಆಸುಪಾಸು. ಕ್ಲೇಮ್ ಮಾಡಲಾ?

ಇನ್ನೊಂದು ವಿಷಯ. ಹುಲ್ಲು ಹೊಡೆದವರು ಹತ್ತು ವರ್ಷದಿಂದ ನಮ್ಮಲ್ಲಿಗೆ ಬರುವವರು. "ನನ್ನ ಕೂಲಿಯಲ್ಲಿ ಹಿಡಿಯಿರಿ" ಅಂದರು. ನನಗೆ ಮನಸ್ಸು ಬರುತ್ತಿಲ್ಲ. ಮನೆಯಲ್ಲಿ ಎರಡು ಅಭಿಪ್ರಾಯ ಇದೆ.

ಉತ್ತರ: ಗ್ಲಾಸ್ ಕೆಲಸದವರು, ಉಪ್ಪಳ

ಅಣ್ಣ, ಮೊದಲು ಈಗಲೇ ಮಾಡಬೇಕಾದ ಎರಡು ಕೆಲಸ. ಆ ಬಾಗಿಲಿನ ಪವರ್ ವಿಂಡೋ ಸ್ವಿಚ್ ಯಾರೂ ಮುಟ್ಟಬಾರದು. ಕೆಳಗೆ ಬಿದ್ದ ಚೂರುಗಳು ಮೋಟಾರಿನ ಕೇಬಲ್ಲಿಗೆ ಸಿಕ್ಕಿದರೆ ಗ್ಲಾಸಿಗಿಂತ ದೊಡ್ಡ ಖರ್ಚು ಬೀಳುತ್ತದೆ. ಎರಡನೆಯದು ಮಳೆ. ದಪ್ಪ ಪ್ಲಾಸ್ಟಿಕ್ ಹೊದೆಸಿ, ಆದರೆ ಪೆಟ್ಟಿಗೆಗೆ ಹಚ್ಚುವ ಕಂದು ಟೇಪ್ ಪೇಂಟಿಗೆ ಅಂಟಿಸಬೇಡಿ. ಎರಡು ದಿನ ಬಿಸಿಲು ಬಿದ್ದರೆ ಅದರ ಅಂಟು ಪೇಂಟ್ ಬಿಟ್ಟು ಬರುವುದಿಲ್ಲ. ಪೇಂಟರ್‌ಗಳು ಹಚ್ಚುವ ಕಾಗದದ ಮಾಸ್ಕಿಂಗ್ ಟೇಪ್ ಸಾಕು. ಪ್ಲಾಸ್ಟಿಕ್ಕಿನ ಮೇಲಿನ ಅಂಚನ್ನು ಬಾಗಿಲಿನ ಒಳಗೆ ಸೇರಿಸಿ ಬಾಗಿಲು ಹಾಕಿ, ಆಗ ನೀರು ಹೊರಗಿನಿಂದಲೇ ಇಳಿಯುತ್ತದೆ.

ಸಣ್ಣ ಕಲ್ಲಿಗೆ ಯಾಕೆ ಪುಡಿಯಾಯಿತು ಅಂತ ಕೇಳಿದ್ದೀರಿ. ಬಾಗಿಲಿನ ಗ್ಲಾಸ್ ಟಫನ್ ಮಾಡಿದ್ದು. ಅದನ್ನು 600 ಡಿಗ್ರಿಗಿಂತ ಮೇಲೆ ಕಾಯಿಸಿ, ಗಾಳಿ ಊದಿ ಒಮ್ಮೆಲೇ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ಆಮೇಲೆ ಕುಗ್ಗುತ್ತದೆ. ಹಾಗಾಗಿ ಹೊರಗೆ ಒತ್ತಿ ಹಿಡಿದ ಬಿಗಿ, ಒಳಗೆ ಎಳೆದು ಹಿಡಿದ ಬಿಗಿ. ಕೈಯಿಂದ ಗುದ್ದಿದರೂ ಸುಲಭಕ್ಕೆ ಒಡೆಯುವುದಿಲ್ಲ. ಆದರೆ ಚೂಪಾದ ಒಂದು ಚೂರು ಹೊರಮೈ ಸೀಳಿ ಒಳಗೆ ತಾಗಿದರೆ ಸಾಕು, ಆ ಬಿಗಿಯೆಲ್ಲ ಒಂದೇ ಸಲ ಬಿಟ್ಟುಕೊಳ್ಳುತ್ತದೆ. ಹುಲ್ಲಿನ ಮಿಷನ್ನಿನಿಂದ ಹಾರಿದ ಮುರಕಲ್ಲಿನ ಚೂರಿಗೆ ಅಷ್ಟು ವೇಗ ಇದ್ದೇ ಇರುತ್ತದೆ. ಮಳೆಗಾಲ ಶುರುವಾಗಿ ಹುಲ್ಲು ಎದ್ದ ಮೇಲೆ ಇಂಥ ಕೇಸ್ ನಮ್ಮಲ್ಲಿಗೆ ಬರುತ್ತಲೇ ಇರುತ್ತದೆ.

ಪುಡಿಯಾದದ್ದು ಒಳ್ಳೆಯದೇ. ಸಾದಾ ಗ್ಲಾಸ್ ಆಗಿದ್ದರೆ ಚೂರಿಯ ಹಾಗೆ ಉದ್ದುದ್ದ ತುಂಡಾಗುತ್ತಿತ್ತು. ಅದಕ್ಕೇ ಒಂದು ಎಚ್ಚರಿಕೆ. ಯಾರಾದರೂ "ಅಳತೆಗೆ ಕತ್ತರಿಸಿ ಕೊಡುತ್ತೇನೆ" ಅಂದರೆ ಅಲ್ಲಿಂದ ಎದ್ದು ಬನ್ನಿ. ಟಫನ್ ಮಾಡಿದ ಗ್ಲಾಸನ್ನು ಆಮೇಲೆ ಕತ್ತರಿಸಲು ಆಗುವುದೇ ಇಲ್ಲ. ಕತ್ತರಿಸಿ ಕೊಟ್ಟರೆ ಅದು ಮನೆಯ ಕಿಟಕಿಯ ಗ್ಲಾಸ್ ಅಂತಲೇ ಲೆಕ್ಕ. ಮಕ್ಕಳು ಕೂರುವ ಬಾಗಿಲಿಗೆ ಅದು ಬೇಡವೇ ಬೇಡ.

ಈಗ ರೇಟಿನ ವಿಷಯ. 5,800ರಲ್ಲಿ ಗ್ಲಾಸಿನ ದುಡ್ಡು 2,150 ಮಾತ್ರ ನೋಡಿ. ಬೀಡಿಂಗ್ ಮತ್ತು ಚಾನೆಲ್ ರಬ್ಬರ್ ಬದಲಿಸಲೇಬೇಕು ಅಂತ ಇಲ್ಲ. ರಬ್ಬರಿನ ತೋಡಿನಲ್ಲಿ ಚೂರು ಸಿಕ್ಕಿರುತ್ತದೆ, ಅದನ್ನು ತೆಗೆದು ಬೆರಳಾಡಿಸಿ ನೋಡಬೇಕು. ಹರಿದಿಲ್ಲ, ಗಟ್ಟಿಯಾಗಿಲ್ಲ ಅಂದರೆ ಹಳೆಯದೇ ಸಾಕು. ನಿಮ್ಮ ಕಾರಿಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ. ಕ್ಲಿಪ್ ಮಾತ್ರ ಹೊಸದು ಹಾಕಿ. ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ತೆಗೆಯುವಾಗ ಒಂದೆರಡು ಮುರಿಯುವುದು ಸಹಜ, ಮುರಿದದ್ದನ್ನೇ ಸಿಕ್ಕಿಸಿದರೆ ಆಮೇಲೆ ಬಾಗಿಲು ಗಡಗಡ ಅನ್ನುತ್ತದೆ.

ಕುಂಬಳೆಯವರ 2,400 ನನಗೆ ಸರಿಯಾದ ರೇಟ್ ಅಂತಲೇ ಕಾಣುತ್ತದೆ. ಆದರೆ ಎರಡು ಪ್ರಶ್ನೆ ಕೇಳಿ. ಗ್ಲಾಸ್ ಯಾವ ಕಂಪನಿಯದು? ಡೋರ್ ಪ್ಯಾಡ್ ಪೂರ್ತಿ ಬಿಚ್ಚಿ ಒಳಗಿನ ಚೂರು ತೆಗೆಯುತ್ತೀರಾ? ನಿಮ್ಮ ಉಳಿದ ಮೂರು ಬಾಗಿಲಿನ ಗ್ಲಾಸಿನ ಮೂಲೆ ನೋಡಿ. ತಯಾರಿಸಿದ ಕಂಪನಿಯ ಹೆಸರು, ಐಎಸ್‌ಐ ಗುರುತು ಅಚ್ಚಾಗಿರುತ್ತದೆ. ಹೊಸದರಲ್ಲೂ ಆ ಐಎಸ್‌ಐ ಗುರುತು ಇರಬೇಕು. ಅದೇ ಹೆಸರೂ ಇದ್ದರೆ ಇನ್ನೂ ಒಳ್ಳೆಯದು, ಹಸಿರು ಛಾಯೆ ಕೂಡ ಹೊಂದುತ್ತದೆ.

ಬಾಗಿಲಿನ ಒಳಗಿನ ಚೂರಿನ ಬಗ್ಗೆ ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಊರಿನ ಮಳೆಗೆ ಗ್ಲಾಸಿನ ಮೇಲೆ ಬಿದ್ದ ನೀರು ಬಾಗಿಲಿನ ಒಳಗೆ ಇಳಿದೇ ಇಳಿಯುತ್ತದೆ. ಅದು ಹೊರಗೆ ಹೋಗಲು ಬಾಗಿಲಿನ ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ. ಗ್ಲಾಸಿನ ಪುಡಿ ಆ ತೂತಿಗೆ ಕೂತರೆ ನೀರು ಒಳಗೇ ನಿಲ್ಲುತ್ತದೆ. ಎರಡು ಮಳೆಗಾಲ ಕಳೆಯುವಾಗ ಬಾಗಿಲಿನ ಅಡಿ ತುಕ್ಕು ಹಿಡಿದು ಪೇಂಟ್ ಉಬ್ಬುತ್ತದೆ. ಆಗ ಗ್ಲಾಸ್ ಹಾಕಿದ ದಿನವನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಕೂಲಿ 200 ಉಳಿಸಲು ಹೋಗಿ ಬಾಗಿಲನ್ನೇ ಕಳೆದುಕೊಂಡವರನ್ನು ನಾನು ನೋಡಿದ್ದೇನೆ, ಬೇಜಾರಾಗುತ್ತದೆ. ಹಾಗಾಗಿ ಕೆಲಸ ಆಗುವಾಗ ಹತ್ತಿರ ನಿಲ್ಲಿ. ಪ್ಯಾಡ್ ಬಿಚ್ಚಿದ ಮೇಲೆ ವ್ಯಾಕ್ಯೂಮ್ ಹಾಕಿಸಿ. ಕೊನೆಗೆ ಒಂದು ಚೊಂಬು ನೀರು ಗ್ಲಾಸಿನ ಮೇಲೆ ಹೊಯ್ದು, ಅಡಿಯ ತೂತಿನಿಂದ ಹೊರಗೆ ಬರುತ್ತದಾ ನೋಡಿ.

ಗುಜರಿಯ ಗ್ಲಾಸ್ ತಪ್ಪೇನಲ್ಲ. ಅದೇ ಮಾಡೆಲ್, ಅದೇ ಬಾಗಿಲು, ಅಂಚಿನಲ್ಲಿ ಒಂದು ಚಿಕ್ಕ ಚಕ್ಕೆಯೂ ಎದ್ದಿರಬಾರದು. ಅಂಚು ಕೆಟ್ಟಿದ್ದರೆ ಒಂದು ದಿನ ಬಾಗಿಲು ಜೋರಾಗಿ ಹಾಕುವಾಗಲೇ ಪುಡಿಯಾಗಬಹುದು.

ಇನ್ನು ಕ್ಲೇಮ್. ಬೇಡ ಅಂತ ನನ್ನ ಸಲಹೆ. 1500 ಸಿಸಿ ವರೆಗಿನ ಕಾರಿಗೆ ಮೊದಲ 1,000 ರೂಪಾಯಿ ಹೇಗೂ ನಿಮ್ಮ ಕೈಯಿಂದಲೇ. ಗ್ಲಾಸಿಗೆ ಸವಕಳಿ (ಹಳೆಯದಾಯಿತು ಅಂತ ಕಡಿತ) ಕಳೆಯುವುದಿಲ್ಲ, ರಬ್ಬರಿಗೆ ಮತ್ತು ಪ್ಲಾಸ್ಟಿಕ್ಕಿಗೆ 50% ಕಳೆಯುತ್ತಾರೆ. ಕುಂಬಳೆಯವರ 2,400ರ ಬಿಲ್ ಅಂದರೆ ಕೈಗೆ ಹೆಚ್ಚೆಂದರೆ 1,400 ಬರುತ್ತದೆ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ನಿಮ್ಮ ಬೋನಸ್ 45% ಆಗುತ್ತದೆ. ಮಾಡಿದರೆ ಸೊನ್ನೆ. 6,000ಕ್ಕೆ 2,700 ಅಲ್ಲೇ ಹೋಯಿತು. ಅದರ ಮುಂದಿನ ವರ್ಷ 50% ಬದಲು 20%, ಇನ್ನೊಂದು 1,800. ಪ್ರೀಮಿಯಂ ವರ್ಷ ವರ್ಷ ಸ್ವಲ್ಪ ಇಳಿಯಬಹುದು, ಆದರೂ ಇದು ನಷ್ಟದ ಲೆಕ್ಕವೇ. ಬೋನಸ್ ಉಳಿಸುವ ಆಡ್‌ಆನ್ ನಿಮ್ಮ ಪಾಲಿಸಿಯಲ್ಲಿ ಇದ್ದರೆ ಮಾತ್ರ ಬೇರೆ ಮಾತು, ಪಾಲಿಸಿ ತೆಗೆದು ಒಮ್ಮೆ ಓದಿ. ಕ್ಲೇಮ್ ಮಾಡುವುದೇ ಆದರೆ ಗ್ಲಾಸ್ ಬಿಚ್ಚುವ ಮೊದಲು ಫೋಟೋ ತೆಗೆದು ಕಂಪನಿಗೆ ತಿಳಿಸಬೇಕು.

ಕೊನೆಗೆ ಕೂಲಿಯ ವಿಷಯ. ಇದು ಗ್ಲಾಸಿನವನು ಹೇಳುವ ಮಾತಲ್ಲ, ಆದರೂ ಕೇಳಿದ್ದೀರಿ. ಹುಲ್ಲಿನ ಮಿಷನ್ನಿನ ಪುಸ್ತಕದಲ್ಲಿ ಸುತ್ತ 15 ಮೀಟರ್, ಅಂದರೆ ಸುಮಾರು 50 ಅಡಿ, ಜನ ಇರಬಾರದು ಅಂತ ಬರೆದಿರುತ್ತದೆ. ಕಲ್ಲು ಅಷ್ಟು ದೂರ ಹಾರುತ್ತದೆ ಅಂತಲೇ ಹಾಗೆ ಬರೆದದ್ದು. ಕಾರು ಸರಿಸಬೇಕಾದ್ದು ನಾವು. ಅವರ ಕೂಲಿ ಅವರಿಗೆ ಪೂರ್ತಿ ಕೊಡಿ ಅಣ್ಣ.

ಸೀತಾಂಗೋಳಿಯ ಸದಸ್ಯರು

ಇದೇ ಸಂದರ್ಭದಲ್ಲಿ ಕೇಳುತ್ತೇನೆ. ನನ್ನದು ಮುಂದಿನ ಗ್ಲಾಸ್. ಹೈವೇಯಲ್ಲಿ ಟಿಪ್ಪರಿನ ಹಿಂದೆ ಹೋಗುವಾಗ ಜಲ್ಲಿ ಬಡಿದು ನಕ್ಷತ್ರದ ಹಾಗೆ ಒಂದು ಗುರುತು ಬಿದ್ದಿದೆ, ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಇಡೀ ಗ್ಲಾಸ್ ಬದಲಿಸಬೇಕಾ?

ಉತ್ತರ: ಗ್ಲಾಸ್ ಕೆಲಸದವರು, ಉಪ್ಪಳ

ಬೇಡ, ಈಗಲೇ ಬಂದರೆ ಬೇಡ. ಮುಂದಿನ ಗ್ಲಾಸ್ ಬೇರೆ ಜಾತಿ. ಎರಡು ಪದರ ಗ್ಲಾಸಿನ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅದಕ್ಕೇ ಪುಡಿಯಾಗಿ ಮೈಮೇಲೆ ಬೀಳುವುದಿಲ್ಲ. ಸಣ್ಣ ಗುರುತಿಗೆ ರೆಸಿನ್ (ಗಟ್ಟಿಯಾಗುವ ಪಾರದರ್ಶಕ ಅಂಟು) ತುಂಬಿಸಬಹುದು. ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಗುರುತು ಪೂರ್ತಿ ಮಾಯವಾಗುವುದಿಲ್ಲ, ಆದರೆ ಬಿರುಕು ಓಡುವುದು ನಿಲ್ಲುತ್ತದೆ. ಡ್ರೈವರ್ ಕಣ್ಣಿನ ನೇರಕ್ಕೆ ಇದ್ದರೆ ಅಥವಾ ಅಂಚಿನ ಹತ್ತಿರ ಇದ್ದರೆ ಮಾತ್ರ ಬದಲಿಸುವುದೇ ಸರಿ.

ಬರುವವರೆಗೆ ಅದರ ಮೇಲೆ ಪಾರದರ್ಶಕ ಟೇಪ್ ಹಚ್ಚಿ. ನೀರು, ಧೂಳು ಹೊಕ್ಕರೆ ರೆಸಿನ್ ಹಿಡಿಯುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿಗೆ ತಣ್ಣೀರು ಹೊಯ್ಯಬೇಡಿ, ಎಸಿಯನ್ನು ಒಮ್ಮೆಲೇ ಗ್ಲಾಸಿಗೆ ಬಿಡಬೇಡಿ.

ಪೂರ್ತಿ ಬದಲಿಸುವವರಿಗೆ ಒಂದು ಮಾತು. ಹಳೆ ಗ್ಲಾಸಿನ ಜೊತೆ ಫಾಸ್ಟ್ಯಾಗ್ ಕೂಡ ಹೋಗುತ್ತದೆ. ಕಿತ್ತು ಮತ್ತೆ ಅಂಟಿಸಿದರೆ ಕೆಲಸ ಮಾಡುವುದಿಲ್ಲ, ಬ್ಯಾಂಕಿನಿಂದ ಹೊಸದು ತರಿಸಬೇಕು. ಮಂಗಳೂರಿಗೆ ಹೋಗುವಾಗ ತಲಪಾಡಿ ಟೋಲಿನಲ್ಲಿ ಇದು ಗೊತ್ತಾದರೆ ಕಷ್ಟ. ಅಂಟು ಒಣಗಲು ಗ್ಲಾಸ್ ಹಾಕಿದವರು ಹೇಳಿದಷ್ಟು ಹೊತ್ತು ಕಾರು ಅಲ್ಲೇ ಬಿಡಿ. ಆ ದಿನ ಬಾಗಿಲು ಜೋರಾಗಿ ಹಾಕಬೇಡಿ, ಒಂದು ಕಿಟಕಿ ಸ್ವಲ್ಪ ಇಳಿಸಿಡಿ. ಒಳಗಿನ ಗಾಳಿಯ ಒತ್ತಡಕ್ಕೆ ಹಸಿ ಅಂಟು ಬಿಡುತ್ತದೆ.

ಮುಳ್ಳೇರಿಯದ ಸದಸ್ಯರು

ಹೊಸ ಗ್ಲಾಸ್ ಹಾಕುವಾಗಲೇ ಕಪ್ಪು ಫಿಲ್ಮ್ ಹಾಕಿಸಬಹುದಾ?

ಉತ್ತರ: ಗ್ಲಾಸ್ ಕೆಲಸದವರು, ಉಪ್ಪಳ

ಕಡು ಕಪ್ಪು ಬೇಡ. ಮುಂದೆ ಹಿಂದೆ 70%, ಬದಿಯಲ್ಲಿ 50% ಬೆಳಕು ಒಳಗೆ ಬರಲೇಬೇಕು ಅಂತ ನಿಯಮ ಇದೆ. ಫಿಲ್ಮನ್ನೇ 2012ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತ್ತು. ಆಮೇಲೆ ನಿಯಮ ಬದಲಾಯಿತು. ಬೆಳಕಿನ ಈ ಅಳತೆ ಪಾಲಿಸಿದರೆ ಫಿಲ್ಮ್ ಹಾಕಬಹುದು ಅಂತ 2024ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ನೆನಪಿಡಿ, ಗ್ಲಾಸಿಗೇ ಹಸಿರು ಛಾಯೆ ಇರುತ್ತದೆ. ಫಿಲ್ಮ್ 50% ಅಂತ ಬರೆದಿದ್ದರೂ ಎರಡೂ ಸೇರುವಾಗ ಅಳತೆ ಕೆಳಗೆ ಹೋಗುತ್ತದೆ.

ಪ್ರಶ್ನೆ ಕೇಳಿದವರು, ನಾಲ್ಕು ದಿನದ ನಂತರ

ಕೆಲಸ ಆಯಿತು. ಆರ್‌ಸಿಯಲ್ಲಿದ್ದ ಚಾಸಿ ನಂಬರ್ ಕೊಟ್ಟು ಮಂಗಳೂರಿನ ಬಿಡಿಭಾಗದ ಅಂಗಡಿಯಿಂದ ಕಂಪನಿ ಗ್ಲಾಸ್ 2,150ಕ್ಕೆ ತರಿಸಿದೆ. ಕುಂಬಳೆಯವರು 600 ಕೂಲಿಗೆ ಹಾಕಿಕೊಟ್ಟರು. ಕ್ಲಿಪ್ಪಿಗೆ 60. ರಬ್ಬರ್ ಹಳೆಯದೇ ಚೆನ್ನಾಗಿತ್ತು. ಒಟ್ಟು 2,810. ಕ್ಲೇಮ್ ಮಾಡಲಿಲ್ಲ.

ನೀವು ಹೇಳಿದ್ದಕ್ಕೆ ಹತ್ತಿರವೇ ನಿಂತಿದ್ದೆ. ಬಾಗಿಲಿನ ಒಳಗಿನಿಂದ ಎರಡು ಗೆರಟೆ ತುಂಬ ಚೂರು ಸಿಕ್ಕಿತು! ಅಡಿಯ ಒಂದು ತೂತು ಮೊದಲೇ ಕೆಸರು ತುಂಬಿ ಮುಚ್ಚಿತ್ತು, ಅದೂ ಬಿಡಿಸಿದರು. ಹುಲ್ಲು ಹೊಡೆದವರ ಕೂಲಿ ಪೂರ್ತಿ ಕೊಟ್ಟೆ. ಈ ಸಲ ಹುಲ್ಲು ಹೊಡೆಯಲು ಬಂದವರು ಮಿಷನ್ ಸ್ಟಾರ್ಟ್ ಮಾಡುವ ಮೊದಲು ಕಾರಿನ ಕೀ ಕೇಳಿದರು, ತಾವೇ ನಿಂತು ಗೇಟಿನ ಹೊರಗೆ ತೆಗೆಸಿದರು.

ಒಂದೇ ಒಂದು ಉಳಿದದ್ದು. ಸೀಟಿನ ಅಡಿಯಿಂದ ಈಗಲೂ ದಿನಾ ಒಂದೆರಡು ಚೂರು ಬರುತ್ತಿದೆ.

ಉತ್ತರ: ಗ್ಲಾಸ್ ಕೆಲಸದವರು, ಉಪ್ಪಳ

ಸಂತೋಷ ಆಯಿತು ಅಣ್ಣ. ಚೂರು ಸೀಟು ಜಾರುವ ಹಳಿಯಲ್ಲಿ ಮತ್ತು ಹಿಂದಿನ ಸೀಟಿನ ಬೆಲ್ಟ್ ಬಕಲ್ಲಿನ ಸಂದಿನಲ್ಲಿ ಕೂತಿರುತ್ತದೆ. ಮುಂದಿನ ಸೀಟನ್ನು ಪೂರ್ತಿ ಮುಂದೆ ತಂದು ಒಮ್ಮೆ, ಪೂರ್ತಿ ಹಿಂದೆ ತಂದು ಒಮ್ಮೆ ವ್ಯಾಕ್ಯೂಮ್ ಹಾಕಿಸಿ. ಹಿಂದಿನ ಸೀಟಿನ ಕುಶನ್ ಎತ್ತಿದರೆ ಅಡಿಯಲ್ಲೂ ಇರುತ್ತದೆ. ಬರಿಗೈ ಹಾಕಬೇಡಿ. ನೆಲಕ್ಕೆ ಅಗಲದ ಟೇಪಿನ ಅಂಟುಬದಿ ಒತ್ತಿ ತೆಗೆದರೆ ಪುಡಿಯೂ ಬರುತ್ತದೆ. ಅಷ್ಟು ಆಗುವವರೆಗೆ ಮಕ್ಕಳನ್ನು ಆ ಬದಿಯಲ್ಲಿ ಕೂರಿಸಬೇಡಿ.