ಅಪ್‌ಡೇಟ್: ಅಜ್ಜನ ಕೋವಿ ಈಗ ಎಲ್ಲಿದೆ?

ದಫೇದಾರರಾಗಿದ್ದ ಅಜ್ಜನ ಒಂಟಿ ನಳಿಗೆ ಕೋವಿ ತೀರ್ಥಹಳ್ಳಿ ಮನೆಯಲ್ಲಿದೆ, ಲೈಸೆನ್ಸ್ ಇದ್ದ ಅಪ್ಪ ತೀರಿಕೊಂಡರು, ಮುಂದೇನು ಅಂತ ಕೇಳಿದ್ದೆನಲ್ವಾ. ಮೊದಲು ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತಗೊಂಡೆ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಸುಮ್ನೆ ಇಟ್ಟುಕೊಂಡರೂ ಅಪರಾಧವೇ. 2016ರ ಆಯುಧ ನಿಯಮಗಳಲ್ಲಿ ವಾರಸುದಾರರಿಗೆ ಅವಕಾಶ ಇದೆ, ಆದರೆ ಲೈಸೆನ್ಸ್ ತಾನಾಗಿ ಹೆಸರಿಗೆ ಬರುವುದಿಲ್ಲ, ಜಿಲ್ಲಾಧಿಕಾರಿಗೆ ಹೊಸದಾಗಿ ಅರ್ಜಿ ಹಾಕಬೇಕು. ಅಮ್ಮ, ಅಕ್ಕ ಒಪ್ಪಿಗೆ ಪತ್ರ ಬರೆದುಕೊಟ್ಟರು. ತಮ್ಮನಿಗೂ ಕೋವಿ ಮೇಲೆ ಕಣ್ಣಿತ್ತು, ಮುನಿಸಿಕೊಂಡೇ ಸಹಿ ಹಾಕಿದ. ಕೊಡಗಿನ ಥರ ಲೈಸೆನ್ಸ್‌ನಿಂದಲೇ ವಿನಾಯ್ತಿ ಸಿಗಬಹುದು ಅಂದವರಿಗೆ ಒಂದು ಮಾತು: ಅದು ಕೊಡವರಿಗೆ, ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಮಾತ್ರ, ನಮಗಿಲ್ಲ. ಪೊಲೀಸ್ ವಿಚಾರಣೆ ಮುಗಿದಿದೆ. ಲೈಸೆನ್ಸ್ ಇನ್ನೂ ಬಂದಿಲ್ಲ, ಗದ್ದೆಗೆ ಹಂದಿ ಮಾತ್ರ ದಿನಾ ಬರುತ್ತಿವೆ.