ಊರಿನ ಆಸ್ಪತ್ರೆ ಮೇಲೆ ದೂರು: ಎಲ್ಲವನ್ನೂ ಒಂದೇ ಪತ್ರದಲ್ಲಿ ತುಂಬಬೇಡಿ

ಪ್ರಶ್ನೆ: ರಜೆಯಲ್ಲಿ ಮಕ್ಕಳನ್ನು ಊರಲ್ಲಿ ಅಜ್ಜ-ಅಜ್ಜಿಯ ಹತ್ತಿರ ಬಿಡುತ್ತೇವೆ. ಮಂಗಳೂರಿನ ಖಾಸಗಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದು, ಬಿಲ್ಲಿನಲ್ಲೋ ಚಿಕಿತ್ಸೆಯಲ್ಲೋ ತಕರಾರಾದರೆ ದುಬೈಯಲ್ಲಿದ್ದುಕೊಂಡು ಏನು ಮಾಡಬಹುದು?

ಉತ್ತರ: ಮೊದಲು ದಾಖಲೆ, ಆಮೇಲೆ ದೂರು. ಡಿಸ್ಚಾರ್ಜ್ ಸಮ್ಮರಿ ಮಾತ್ರ ಸಾಲದು. ಯಾವ ಔಷಧಿ ಎಷ್ಟು ಗಂಟೆಗೆ ಕೊಟ್ಟರು, ಜ್ವರ ಯಾವಾಗ ಏರಿತು, ಡಾಕ್ಟರು ಯಾವಾಗ ಬಂದು ನೋಡಿದರು ಅನ್ನುವುದೆಲ್ಲ ಅದರಲ್ಲಿ ಇರುವುದಿಲ್ಲ. ಕೇಸ್ ಶೀಟ್, ನರ್ಸ್‌ಗಳ ಚಾರ್ಟ್, ಔಷಧಿ ಚಾರ್ಟ್, ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರ, ಲ್ಯಾಬ್ ವರದಿ, ಸ್ಕ್ಯಾನ್ ಸಿಡಿ, ಬಾಬ್ತುವಾರು ಬಿಲ್ ಎಲ್ಲದರ ಪ್ರತಿ ಬೇಕೆಂದು ಬರೆದು ಕೊಟ್ಟು, ಇನ್ನೊಂದು ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಬೇಕು. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು. ಬಾಯಲ್ಲಿ ಕೇಳಿದರೆ ಗಡುವು ಎಲ್ಲಿಂದ ಶುರು ಅಂತ ತೋರಿಸಲು ಆಗುವುದಿಲ್ಲ. ಅಲ್ಲದೆ ಒಳರೋಗಿಗಳ ದಾಖಲೆ ಇಟ್ಟುಕೊಳ್ಳುವ ಕಡ್ಡಾಯ ಮೂರು ವರ್ಷದ್ದು ಮಾತ್ರ.

ಮಗುವಿನ ದಾಖಲೆಯನ್ನು ಅಜ್ಜನ ಕೈಗೆ ಕೊಡಲು ಆಸ್ಪತ್ರೆಯವರು ಹಿಂಜರಿಯುವುದು ಸಹಜ. ಊರಿಗೆ ಬಿಡುವಾಗಲೇ ತಂದೆ-ತಾಯಿ ಇಬ್ಬರೂ ಸಹಿ ಮಾಡಿದ ಅಧಿಕಾರ ಪತ್ರ, ಪಾಸ್‌ಪೋರ್ಟ್ ನಕಲು, ಮಗುವಿನ ಜನನ ಪ್ರಮಾಣಪತ್ರ ಒಂದು ಕವರಿನಲ್ಲಿ ಹಾಕಿ ಕೊಟ್ಟು ಬನ್ನಿ.

ಇನ್ನು ದೂರು. ನಮ್ಮವರು ಎಡವುವುದು ಇಲ್ಲೇ: ಬಿಲ್, ನಿರ್ಲಕ್ಷ್ಯ, ಪರಿಹಾರ ಮೂರನ್ನೂ ಒಂದೇ ಪತ್ರದಲ್ಲಿ ಬರೆದು ಎಲ್ಲರಿಗೂ ಕಳಿಸುತ್ತಾರೆ. ಒಂದೊಂದು ಕಚೇರಿಯೂ 'ಇದು ನಮಗೆ ಬರುವುದಿಲ್ಲ' ಅಂತ ಪಕ್ಕಕ್ಕಿಡುತ್ತದೆ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು. ರೋಗಿಗಳ ಹಕ್ಕುಗಳ ಸನ್ನದು ಸೇರಿದ್ದು 2017ರ ತಿದ್ದುಪಡಿಯಲ್ಲಿ. ದರಪಟ್ಟಿ ಪ್ರದರ್ಶಿಸದಿರುವುದು, ತುರ್ತು ಸ್ಥಿತಿಯಲ್ಲಿ ಮುಂಗಡ ಕಟ್ಟಿ ಅನ್ನುವುದು, ಬಿಲ್ ಬಾಕಿಯೆಂದು ಮೃತದೇಹ ತಡೆಹಿಡಿಯುವುದು, ಇಂಥವು ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ. ಪತ್ರವನ್ನು ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಗೂ ಕೊಡಿ. ಜಿಲ್ಲೆ ಯಾವುದೆಂದು ನಿಮ್ಮ ಮನೆಯಲ್ಲ, ಆಸ್ಪತ್ರೆ ಹೇಳುತ್ತದೆ: ಮನೆ ಕುಂದಾಪುರದಲ್ಲಿದ್ದರೂ ಆಸ್ಪತ್ರೆ ಮಂಗಳೂರಿನದಾದರೆ ದಕ್ಷಿಣ ಕನ್ನಡ, ಮಣಿಪಾಲದ್ದಾದರೆ ಉಡುಪಿ.

ಡಾಕ್ಟರರ ನಿರ್ಲಕ್ಷ್ಯದ ದೂರು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಇದನ್ನು 'ಕೆಎಂಸಿ' ಅಂತ ಚುಟುಕಾಗಿ ಬರೆಯಬೇಡಿ, ನಮ್ಮೂರಲ್ಲಿ ಕೆಎಂಸಿ ಅಂದರೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು! ಪರಿಷತ್ತು ವೈದ್ಯರಿಗೆ ಎಚ್ಚರಿಕೆ ಕೊಡಬಹುದು, ನೋಂದಣಿ ಅಮಾನತು ಮಾಡಬಹುದು. ಹಣ ಕೊಡಿಸುವುದಿಲ್ಲ.

ಹಣದ ಪರಿಹಾರ ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗ. ಗಡುವು ಎರಡು ವರ್ಷ. ಕಟ್ಟಿದ ಬಿಲ್ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಮೇಲೆ ದೂರುದಾರ ವಾಸವಿರುವ ಜಿಲ್ಲೆಯಲ್ಲೂ ಹಾಕಬಹುದು, ವಿಡಿಯೊ ಮೂಲಕ ವಿಚಾರಣೆ ಕೇಳಿಕೊಳ್ಳಬಹುದು. ಕೇಸು ನಿಲ್ಲಬೇಕಾದರೆ ಅದೇ ವಿಭಾಗದ ಬೇರೊಬ್ಬ ತಜ್ಞರ ಲಿಖಿತ ಅಭಿಪ್ರಾಯ ಹುಡುಕಿ. ಸಿಟ್ಟಿನಲ್ಲಿ ಬರೆದ ಹತ್ತು ಪುಟಕ್ಕಿಂತ ಅದರ ತೂಕ ಹೆಚ್ಚು.

ಮರುಪ್ರಶ್ನೆ: ವೆನ್ಲಾಕ್, ಲೇಡಿಗೋಷನ್ ಆದರೆ?

ಉತ್ತರ: ಅವು ಮಂಗಳೂರಿನ ಸರ್ಕಾರಿ ಆಸ್ಪತ್ರೆಗಳು, ಖಾಸಗಿ ಸಂಸ್ಥೆಗಳ 2007ರ ಕಾಯ್ದೆ ಅಲ್ಲಿಗಿಲ್ಲ. ಅಲ್ಲಿನ ಅಧೀಕ್ಷಕರಿಗೆ ಲಿಖಿತ ದೂರು ಕೊಟ್ಟು, ಜಿಲ್ಲಾಧಿಕಾರಿಗೆ ಪ್ರತಿ ಕಳಿಸಿ.

ಮರುಪ್ರಶ್ನೆ: ಊರಲ್ಲಿ ನಮ್ಮ ಪರವಾಗಿ ಭಾವ ಓಡಾಡಬಹುದಾ?

ಉತ್ತರ: ಧಾರಾಳವಾಗಿ, ಆದರೆ ವಾಟ್ಸಾಪಿನಲ್ಲಿ ಕಳಿಸಿದ ಸಹಿ ಆಯೋಗದಲ್ಲಿ ನಡೆಯದು. ದುಬೈಯ ಭಾರತೀಯ ಕಾನ್ಸುಲೇಟ್‌ನಲ್ಲಿ ಮುಖ್ತ್ಯಾರ್ ಪತ್ರ (ಪವರ್ ಆಫ್ ಅಟಾರ್ನಿ) ದೃಢೀಕರಿಸಿ ಮೂಲಪ್ರತಿಯನ್ನೇ ಕಳಿಸಿ. ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಕೊರಿಯರ್ ಕವರನ್ನು ಬಿಸಾಡಬೇಡಿ, ಬಂದ ದಿನಾಂಕಕ್ಕೆ ಅದೇ ಸಾಕ್ಷಿ.